ಹಟ್ಟಿಯ ಹಾಲು ಮತ್ತು ವಂಶವಾಹಿಯ ಅಪ್ಪಣೆ

ಚಿತ್ರದುರ್ಗ ಜಿಲ್ಲೆಯ ಜನಪದ ಬದುಕನ್ನು ದನಕರುಗಳನ್ನು ಬಿಟ್ಟು ಅರಿಯಲು ಸಾಧ್ಯವಿಲ್ಲ. ಹಿರಿಯೂರು, ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ನೆಲೆಸಿರುವ ಕಾಡುಗೊಲ್ಲರು, ನೊಗಕ್ಕೆ ಹೂಡದ ದೇವರ ಎತ್ತುಗಳನ್ನು ಕಿಲಾರಿಗಳ ಮೂಲಕ ಸಾಕಿಕೊಂಡು ಬಂದಿರುವ ಮ್ಯಾಸಬೇಡರು, ತಮ್ಮನ್ನು ಹಾಲುಮತದವರೆಂದು ಕರೆದುಕೊಳ್ಳುವ ಕುರುಬರು, ಇವರೆಲ್ಲರ ಆಚರಣೆಗಳಲ್ಲಿ ಹಾಲು ಆಹಾರವೂ ಹೌದು, ಪಾವಿತ್ರ್ಯದ ಸಂಕೇತವೂ ಹೌದು. ದೇವರಿಗೆ ಮೀಸಲು ತೆಗೆಯದೆ ಹಾಲನ್ನು ಮುಟ್ಟಬಾರದೆಂಬ ಕಟ್ಟಳೆಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಎಲ್ಲರೂ ಪೂಜಿಸುವ ಈ ಹಾಲು ಎಲ್ಲರಿಗೂ ಜೀರ್ಣವಾಗುತ್ತದೆಯೇ ಎಂಬ ಸರಳ ಪ್ರಶ್ನೆ ನಮ್ಮ ಅಧ್ಯಯನದ ಹೊರಗೇ ಉಳಿದಿದೆ. ಈ ಪ್ರಶ್ನೆಗೆ ವಂಶವಾಹಿ ವಿಜ್ಞಾನ ನೀಡುವ ಉತ್ತರವನ್ನು ವಿವರಿಸಿ, ಅದರಲ್ಲಿ ಜಾನಪದ ವಿದ್ವಾಂಸನು ಸ್ವೀಕರಿಸಬೇಕಾದುದೇನು, ಎಚ್ಚರದಿಂದಿರಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಕ್ಷೇತ್ರಕಾರ್ಯದ ಸಂದರ್ಭದಲ್ಲಿ. ಹಿರಿಯೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಕಥನಗೀತೆಯ ಧ್ವನಿಮುದ್ರಣಕ್ಕೆ ಕುಳಿತಿದ್ದಾಗ ಮನೆಯವರು ದೊಡ್ಡ ಚೊಂಬಿನ ತುಂಬ ಕಾಯಿಸಿದ ಹಾಲು ತಂದುಕೊಟ್ಟರು. ಬೇಡವೆನ್ನುವುದು ಅಗೌರವವೆಂದು ಕುಡಿದೆ. ರಾತ್ರಿಯಿಡೀ ಹೊಟ್ಟೆಯುಬ್ಬರದಿಂದ ನರಳಿದೆ. ಬೆಳಿಗ್ಗೆ ಆ ಮನೆಯ ಅಜ್ಜಿ ನಗುತ್ತ, "ಹಾಲು ಎಲ್ರಿಗೂ ಒಗ್ಗಲ್ಲ ಸ್ವಾಮಿ, ನೀವು ಮಜ್ಜಿಗೆ ಕುಡೀರಿ" ಎಂದರು. ಆ ಮಾತಿನಲ್ಲಿ ಅಡಗಿದ್ದ ವಿಜ್ಞಾನ ಅರಿವಿಗೆ ಬರಲು ನನಗೆ ವರ್ಷಗಳೇ ಬೇಕಾದವು.

ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಇದು ಸುಮಾರು 4.5ರಿಂದ 5 ಗ್ರಾಂ ಇರುತ್ತದೆ. ಇದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನ ಒಳಪದರದಲ್ಲಿ ತಯಾರಾಗುತ್ತದೆ. ಮೊಲೆಯುಣ್ಣುವ ಶಿಶುಗಳೆಲ್ಲರಲ್ಲಿಯೂ ಸಾಮಾನ್ಯವಾಗಿ ಈ ಕಿಣ್ವ ಸಮೃದ್ಧವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಜಗತ್ತಿನ ಹೆಚ್ಚಿನ ಜನರಲ್ಲಿ ಅದು ಕ್ರಮೇಣ ಕುಗ್ಗುತ್ತದೆ, ಕೆಲವರಲ್ಲಿ ಮಾತ್ರ ಜೀವನವಿಡೀ ಉಳಿಯುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳನ್ನು ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ, ವಾಯುವನ್ನೂ ಭೇದಿಯನ್ನೂ ಉಂಟುಮಾಡುತ್ತದೆ. ಹೆಪ್ಪು ಹಾಕಿದಾಗ ಈ ಸಕ್ಕರೆಯ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳು ಮೊದಲೇ ಆಮ್ಲವಾಗಿ ಮಾರ್ಪಡಿಸುವುದರಿಂದ ಮೊಸರು, ಮಜ್ಜಿಗೆಗಳು ಹಗುರ. ಅಜ್ಜಿಯ ಸಲಹೆಗೆ ಇದೇ ಆಧಾರ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಲ್ಯಾಕ್ಟೇಸ್ ತಯಾರಿಸುವ ವಂಶವಾಹಿ ಎಲ್ಲರಲ್ಲಿಯೂ ಇದೆ. ಹಾಲು ಒಗ್ಗದವರಲ್ಲಿ ಅದು ಕೆಟ್ಟಿರುವುದಿಲ್ಲ, ಮೌನವಾಗಿರುತ್ತದೆ. ವಂಶವಾಹಿಯಲ್ಲಿರುವ ಬರಹವನ್ನು ಜೀವಕೋಶವು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿಕೊಳ್ಳುತ್ತದೆ. ಇದೇ ಪ್ರತಿಲೇಖನ. ಆ ನಕಲಿನ ಪ್ರಕಾರ ಪ್ರೋಟೀನ್ ತಯಾರಾಗುತ್ತದೆ. ಯಾವ ಕೋಶದಲ್ಲಿ, ಯಾವಾಗ, ಎಷ್ಟು ನಕಲು ತೆಗೆಯಬೇಕೆಂಬುದನ್ನು ಡಿಎನ್‌ಎಯ ಬೇರೆ ತುಣುಕುಗಳು ನಿರ್ಧರಿಸುತ್ತವೆ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ, ಜುಂಜಪ್ಪನ ಕಥೆ ಗಣೆ ಊದುವ ಗಾಯಕನ ನೆನಪಿನಲ್ಲಿ ಸದಾ ಇರುತ್ತದೆ. ಆದರೆ ಹಬ್ಬ, ಹರಕೆ, ರಾತ್ರಿ, ಕೇಳುಗರು ಕೂಡಿಬಂದಾಗ ಮಾತ್ರ ಅದು ಹಾಡಾಗುತ್ತದೆ. ಪಠ್ಯ ಬೇರೆ, ಪಠ್ಯಕ್ಕೆ ದೊರೆಯುವ ಅಪ್ಪಣೆ ಬೇರೆ. ವಂಶವಾಹಿಯ ಆರಂಭದಲ್ಲಿಯೇ ಇದ್ದು ನಕಲುಯಂತ್ರಕ್ಕೆ ನೆಲೆ ಒದಗಿಸುವ ತುಣುಕನ್ನು ಪ್ರವರ್ತಕವೆಂದೂ, ದೂರದಲ್ಲಿದ್ದು ನಕಲಿನ ಪ್ರಮಾಣವನ್ನು ಹೆಚ್ಚಿಸುವ ತುಣುಕನ್ನು ವರ್ಧಕವೆಂದೂ ಕರೆಯಬಹುದು. ನಿಯಂತ್ರಕ ಪ್ರೋಟೀನುಗಳು ವರ್ಧಕಕ್ಕೆ ಅಂಟಿಕೊಂಡಾಗ ಡಿಎನ್‌ಎ ಎಳೆ ಬಾಗಿ, ದೂರದ ವರ್ಧಕವು ಪ್ರವರ್ತಕದ ಸಮೀಪಕ್ಕೆ ಬರುತ್ತದೆ.

ಈ ನಿಯಂತ್ರಣದ ತತ್ತ್ವ ಮೊದಲು ಸ್ಪಷ್ಟವಾದದ್ದೂ ಹಾಲಿನ ಸಕ್ಕರೆಯಿಂದಲೇ ಎಂಬುದು ಸ್ವಾರಸ್ಯಕರ. ಲ್ಯಾಕ್ಟೋಸ್ ದೊರೆತಾಗ ಮಾತ್ರ ಅದನ್ನು ಒಡೆಯುವ ವಂಶವಾಹಿಗಳನ್ನು ಬ್ಯಾಕ್ಟೀರಿಯಾ ಹೇಗೆ ಚಾಲೂ ಮಾಡುತ್ತದೆಂಬುದನ್ನು ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ವಿವರಿಸಿದರು. 1965ರಲ್ಲಿ ಅವರಿಗೆ ಆಂದ್ರೆ ಲ್ವೋಫ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು. ದೂರದಿಂದಲೇ ಪ್ರಭಾವ ಬೀರುವ ವರ್ಧಕದ ಗುಣವನ್ನು 1981ರಲ್ಲಿ ಎಸ್‌ವಿ40 ಎಂಬ ವೈರಾಣುವಿನ ಡಿಎನ್‌ಎಯಲ್ಲಿ ಗುರುತಿಸಲಾಯಿತು.

ಮನುಷ್ಯರ ಲ್ಯಾಕ್ಟೇಸ್ ವಂಶವಾಹಿಯ ನಿಯಂತ್ರಕ ನೆಲೆಯನ್ನು ಪತ್ತೆಹಚ್ಚಿದವರು ಫಿನ್ಲೆಂಡಿನ ಸಂಶೋಧಕರು. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂಬತ್ತು ಕುಟುಂಬಗಳ ಡಿಎನ್‌ಎಯನ್ನು ಹೋಲಿಸಿ, ಹಾಲು ಒಗ್ಗುವವರಿಗೂ ಒಗ್ಗದವರಿಗೂ ಇರುವ ವ್ಯತ್ಯಾಸವನ್ನು ಎರಡನೆಯ ವರ್ಣತಂತುವಿನ ಕಿರಿದಾದ ಭಾಗಕ್ಕೆ ಸೀಮಿತಗೊಳಿಸಲಾಯಿತು. ಆ ವ್ಯತ್ಯಾಸ ಲ್ಯಾಕ್ಟೇಸ್ ವಂಶವಾಹಿಯ ಒಳಗಿರಲಿಲ್ಲ. ಅದಕ್ಕೆ 13,910 ಅಕ್ಷರಗಳಷ್ಟು ಹಿಂದೆ, ನೆರೆಯ ಎಂಸಿಎಂ6 ಎಂಬ ವಂಶವಾಹಿಯ ಮಧ್ಯದಲ್ಲಿ, 'ಸಿ' ಎಂಬ ಅಕ್ಷರದ ಜಾಗದಲ್ಲಿ 'ಟಿ' ಇತ್ತು. ಜನಪದ ಕಥೆಗಳ ಪಾಠಾಂತರಗಳನ್ನು ಕಲೆಹಾಕಿ, ಹೋಲಿಸಿ, ಮೂಲಪಾಠವನ್ನೂ ಅದು ಹರಡಿದ ದಾರಿಯನ್ನೂ ಅರಸುವ ಐತಿಹಾಸಿಕ-ಭೌಗೋಳಿಕ ವಿಧಾನವನ್ನು ರೂಪಿಸಿದ ಯೂಲಿಯಸ್ ಕ್ರೋನ್, ಕಾರ್ಲೆ ಕ್ರೋನ್ ಅವರ ನಾಡೂ ಫಿನ್ಲೆಂಡೇ. ಒಂದು ಅಕ್ಷರದ ಪಾಠಾಂತರದಿಂದ ಚರಿತ್ರೆಯನ್ನು ಓದುವ ಈ ಬಗೆ ನಮಗೆ ಅಪರಿಚಿತವೇನಲ್ಲ.

ಆದರೆ ಪಾಠಾಂತರ ಜೊತೆಗಿದೆ ಎಂದಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಆದ್ದರಿಂದ ಆ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಮಾದರಿಯ ಕೋಶಗಳಲ್ಲಿಟ್ಟು, ಅಳೆಯಲು ಸುಲಭವಾದ ಮತ್ತೊಂದು ವಂಶವಾಹಿಗೆ ಜೋಡಿಸಿ ಪರೀಕ್ಷಿಸಲಾಯಿತು. 'ಟಿ' ಇರುವ ತುಣುಕು ಹೆಚ್ಚು ನಕಲು ತೆಗೆಸಿತು. ಆಕ್ಟ್-1 ಎಂಬ ನಿಯಂತ್ರಕ ಪ್ರೋಟೀನು ಅದಕ್ಕೆ ಹೆಚ್ಚು ಬಿಗಿಯಾಗಿ ಅಂಟುವುದೂ ಕಂಡುಬಂದಿತು. ತಂದೆ ಅಥವಾ ತಾಯಿ, ಒಬ್ಬರಿಂದ 'ಟಿ' ಬಂದರೂ ಸಾಕು, ಸಾಮಾನ್ಯವಾಗಿ ಹಾಲು ಒಗ್ಗುತ್ತದೆ. ಇಂದು ಇಂಥ ನೆಲೆಗಳನ್ನು ಇಡೀ ವಂಶವಾಹಿ ಸಮೂಹದಲ್ಲಿ ಗುರುತಿಸುವ ವಿಧಾನಗಳಿವೆ. ಸಡಿಲವಾಗಿ ತೆರೆದುಕೊಂಡಿರುವ ಡಿಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ ನೋಡುವುದು, ನಿಯಂತ್ರಕ ಪ್ರೋಟೀನು ಅಂಟಿರುವ ತುಣುಕುಗಳನ್ನು ಹಿಡಿದು ಓದುವುದು, ಎಳೆಗಳು ಪರಸ್ಪರ ಸಂಧಿಸುವ ಜಾಗಗಳನ್ನು ಪತ್ತೆಮಾಡುವುದು ಅವುಗಳಲ್ಲಿ ಮುಖ್ಯವಾದವು. 2003ರಲ್ಲಿ ಆರಂಭವಾದ ಎನ್‌ಕೋಡ್ ಯೋಜನೆ ಇಂಥ ನಕ್ಷೆಗಳನ್ನು ಸಿದ್ಧಪಡಿಸಿದೆ. ಪ್ರೋಟೀನಿನ ಬರಹ ಇರುವುದು ನಮ್ಮ ಡಿಎನ್‌ಎಯ ನೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಈ ನಕ್ಷೆಗಳ ಮಹತ್ವ ತಿಳಿಯುತ್ತದೆ.

ಪೂರ್ವ ಆಫ್ರಿಕಾದ ಪಶುಪಾಲಕರಲ್ಲಿ ಅದೇ ವರ್ಧಕದ ಬೇರೆ ಅಕ್ಷರಗಳು ಬದಲಾಗಿ ಅದೇ ಪರಿಣಾಮ ಉಂಟಾಗಿದೆಯೆಂದು 2007ರಲ್ಲಿ ತಿಳಿದುಬಂದಿತು. ಒಂದೇ ಆಶಯ ಬೇರೆ ಬೇರೆ ನೆಲದಲ್ಲಿ ಸ್ವತಂತ್ರವಾಗಿ ಹುಟ್ಟಿದಂತೆ ಇದು. ಭಾರತದ ಸ್ಥಿತಿ ಭಿನ್ನ. 2012ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನದ ಪ್ರಕಾರ, ಇಲ್ಲಿ ಪ್ರಧಾನವಾಗಿರುವುದು ಯೂರೋಪಿನಲ್ಲಿರುವ 'ಟಿ' ಪಾಠವೇ. ಅದರ ಅಕ್ಕಪಕ್ಕದ ಅಕ್ಷರವಿನ್ಯಾಸವೂ ಒಂದೇ ಆಗಿರುವುದರಿಂದ ಎರಡಕ್ಕೂ ಸಮಾನ ಮೂಲವಿದೆ. ವಾಯವ್ಯದಲ್ಲಿ ಹೆಚ್ಚಿರುವ ಈ ಪಾಠ ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ವಿರಳವಾಗುತ್ತದೆ. ಪಶುಪಾಲಕ ಸಮುದಾಯಗಳಲ್ಲಿ ಇದರ ಪ್ರಮಾಣ ಹೆಚ್ಚು.

ಇಲ್ಲಿಯೇ ಎಚ್ಚರ ಬೇಕು. ಈ ಅಕ್ಷರವನ್ನು ಹಿಡಿದು ಹಟ್ಟಿಯ ಜನ ಎಲ್ಲಿಂದ ಬಂದರು, ಯಾರು ಶುದ್ಧರು, ಯಾರು ಹೊರಗಿನವರು ಎಂದು ತೀರ್ಪು ಕೊಡುವ ಆಮಿಷ ದೊಡ್ಡದು. ಒಂದು ಕಥೆಯ ಆಶಯ ಹೊರಗಿನಿಂದ ಬಂದಿದೆಯೆಂದರೆ ಹೇಳುವವನೂ ಹೊರಗಿನವನೆಂದು ನಾವು ತೀರ್ಮಾನಿಸುವುದಿಲ್ಲ. ಅಂತೆಯೇ ಒಂದು ಅಕ್ಷರದ ಮೂಲ ಒಂದು ಸಮುದಾಯದ ಮೂಲವಾಗಲಾರದು. ದನ ಕಾಯುವ ಕುಲದಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬನ ಅಕ್ಷರ 'ಟಿ' ಎಂದು ಹೇಳಲಾಗದು. ಹಾಲನ್ನು ಹೆಪ್ಪು ಹಾಕಿ, ಕಡೆದು, ಕಾಯಿಸಿ ಮಜ್ಜಿಗೆ, ತುಪ್ಪಗಳನ್ನಾಗಿಸುವ ಜ್ಞಾನವಿದ್ದ ಕಡೆ ಆ ಅಕ್ಷರವಿಲ್ಲದೆಯೂ ಪಶುಪಾಲನೆಯ ಸಂಸ್ಕೃತಿ ಬಾಳಬಲ್ಲುದು.

ಇದು ಪಾಂಡಿತ್ಯದ ವಿಷಯವಷ್ಟೇ ಅಲ್ಲ. ರಾಜ್ಯದ ಶಾಲಾಮಕ್ಕಳಿಗೆ ಹಾಲು ನೀಡುವ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಆರಂಭವಾಯಿತು. ಕಿಣ್ವ ಕುಗ್ಗಿದವರಲ್ಲಿಯೂ ಹೆಚ್ಚಿನವರು ಒಂದು ಲೋಟ ಹಾಲನ್ನು ತಾಳಿಕೊಳ್ಳಬಲ್ಲರಾದ್ದರಿಂದ ಅದರ ಉಪಯುಕ್ತತೆಗೆ ಇದರಿಂದ ಕುಂದಿಲ್ಲ. ಆದರೆ ಹೊಟ್ಟೆನೋವೆಂದು ಲೋಟವನ್ನು ಪಕ್ಕಕ್ಕಿಡುವ ಮಗುವನ್ನು ಸೊಕ್ಕಿನ ಮಗುವೆಂದು ಗದರಿಸುವುದು ತಪ್ಪು. ಆ ಮಗುವಿನ ದೇಹದಲ್ಲಿ ಕೊರತೆಯಿಲ್ಲ. ಮನುಷ್ಯಕುಲದ ಹಳೆಯ ಪಾಠ ಅಲ್ಲಿ ಉಳಿದಿದೆ ಅಷ್ಟೆ. ಹಾಲನ್ನು ದೇವರೆಂದು ನಂಬಿದ ಹಟ್ಟಿಯ ಅಜ್ಜಿ, ಅದು ಒಗ್ಗದವನಿಗೆ ಅವಮಾನ ಮಾಡದೆ ಮಜ್ಜಿಗೆ ಕೊಟ್ಟರು. ನಕ್ಷೆಗಳನ್ನು ಬಿಡಿಸುವವರೂ ಅವುಗಳನ್ನು ಓದುವ ನಾವೂ ಆ ವಿವೇಕವನ್ನು ಕಲಿಯಬೇಕಾಗಿದೆ.