ಜಠರದ ಆರಂಭಿಕ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡರೆ

ಜಠರದ ಕ್ಯಾನ್ಸರ್ ಎಂದೊಡನೆ ಜನರಲ್ಲಿ ಭೀತಿ ಮೂಡುವುದು ಸಹಜ. ಭಾರತದಲ್ಲಿ ಬಹುಪಾಲು ರೋಗಿಗಳು ರೋಗವು ಬಲಿತ ಮೇಲೆಯೇ ಆಸ್ಪತ್ರೆಗೆ ಬರುವುದರಿಂದ ಈ ಭೀತಿಗೆ ಆಧಾರವೂ ಇದೆ. ಆದರೆ ಆರಂಭದ ಹಂತದಲ್ಲಿಯೇ ಪತ್ತೆಯಾದಲ್ಲಿ ಈ ರೋಗವನ್ನು ಗುಣಪಡಿಸಬಹುದು. ಆ ಹಂತದಲ್ಲಿ ಸೂಕ್ತ ಚಿಕಿತ್ಸೆ ಪಡೆದವರ ಪೈಕಿ ಶೇಕಡ 90ಕ್ಕೂ ಹೆಚ್ಚು ಮಂದಿ ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ಆದರೂ ಚಿಕಿತ್ಸೆಯಾದ ಜಠರದಲ್ಲಿಯೇ ಕೆಲವು ವರ್ಷಗಳ ಬಳಿಕ ಬೇರೊಂದು ಕಡೆ ಹೊಸ ಕ್ಯಾನ್ಸರ್ ತಲೆದೋರುವುದುಂಟು. ಆಗ ಅನುಸರಿಸಬೇಕಾದ ಮಾರ್ಗವೇನು?

ಆರಂಭಿಕ ಹಂತ ಎಂದರೇನು?

ಜಠರದ ಗೋಡೆಯು ಹಲವು ಪದರಗಳಿಂದ ಕೂಡಿದೆ. ಒಳಗಿನದು ಲೋಳೆಪೊರೆ, ಅದರ ಕೆಳಗಿನದು ಅಡಿಪದರ, ಅನಂತರದ್ದು ದಪ್ಪನಾದ ಸ್ನಾಯು ಪದರ. ಕ್ಯಾನ್ಸರ್ ಮೊದಲ ಎರಡು ಪದರಗಳನ್ನು ದಾಟದಿದ್ದರೆ ಅದನ್ನು ಆರಂಭಿಕ ಕ್ಯಾನ್ಸರ್ ಎನ್ನುತ್ತಾರೆ. ಈ ವ್ಯಾಖ್ಯೆಯನ್ನು 1962ರಲ್ಲಿ ಜಪಾನಿನ ತಜ್ಞರು ರೂಪಿಸಿದರು. ಈ ಹಂತದಲ್ಲಿ ನೋವು ಇಲ್ಲದಿರಬಹುದು. ಇದ್ದರೂ ಅದು ಸಾಮಾನ್ಯ ಅಜೀರ್ಣದಂತೆ ತೋರಬಹುದು. ಆದುದರಿಂದ ಎಂಡೋಸ್ಕೋಪಿ ಪರೀಕ್ಷೆಯಿಲ್ಲದೆ ಇದನ್ನು ಗುರುತಿಸುವುದು ಕಷ್ಟ.

ಮತ್ತೆ ಏಕೆ ಬರುತ್ತದೆ?

ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು 1982ರಲ್ಲಿ ಬೆಳಕಿಗೆ ತಂದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಇದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಈ ಸೋಂಕು ವರ್ಷಗಟ್ಟಲೆ ಉಳಿದು ಲೋಳೆಪೊರೆಯನ್ನು ವ್ಯಾಪಕವಾಗಿ ಕ್ಷೀಣಗೊಳಿಸುತ್ತದೆ. ಒಂದು ಕಡೆ ಕಳೆ ಕಿತ್ತರೂ ಹೊಲದ ಮಣ್ಣು ಬದಲಾಗದಂತೆ, ಒಂದು ಗಾಯವನ್ನು ತೆಗೆದರೂ ಉಳಿದ ಲೋಳೆಪೊರೆಯು ಹಾನಿಗೊಂಡ ಸ್ಥಿತಿಯಲ್ಲಿಯೇ ಇರುತ್ತದೆ. ಹೀಗಾಗಿ ಕೆಲವರಲ್ಲಿ ಏಕಕಾಲಕ್ಕೆ ಎರಡು ಮೂರು ಗಾಯಗಳು ಕಂಡುಬರುತ್ತವೆ. ಮತ್ತೆ ಕೆಲವರಲ್ಲಿ ವರ್ಷಗಳ ಅಂತರದಲ್ಲಿ ಒಂದರ ನಂತರ ಒಂದು ಹುಟ್ಟುತ್ತವೆ.

ಎಂಡೋಸ್ಕೋಪಿ ಮೂಲಕ ಚಿಕಿತ್ಸೆ

1990ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಬೆಳೆದು ಬಂದ ವಿಧಾನದಲ್ಲಿ ಹೊಟ್ಟೆಯನ್ನು ಕೊಯ್ಯಬೇಕಾಗಿಲ್ಲ. ಬಾಯಿಯ ಮೂಲಕ ಎಂಡೋಸ್ಕೋಪನ್ನು ಇಳಿಸಿ, ಬಣ್ಣದ ದ್ರಾವಣ ಚಿಮುಕಿಸಿ ಗಾಯದ ಅಂಚನ್ನು ಗುರುತಿಸುತ್ತಾರೆ. ಅಡಿಪದರಕ್ಕೆ ದ್ರವವನ್ನು ಚುಚ್ಚಿ ಲೋಳೆಪೊರೆಯನ್ನು ಮೇಲೆತ್ತಿ, ವಿದ್ಯುತ್ ಚಾಕುವಿನಿಂದ ಗಾಯವನ್ನು ಒಂದೇ ತುಂಡಾಗಿ ಬಿಡಿಸುತ್ತಾರೆ. ರಕ್ತಸ್ರಾವ ಅಥವಾ ಜಠರದ ಗೋಡೆಯಲ್ಲಿ ರಂಧ್ರವಾಗುವ ಅಪಾಯ ಇದ್ದೇ ಇದೆ; ಆದರೆ ಜಠರವು ಉಳಿಯುತ್ತದೆ.

ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಚಿಕಿತ್ಸೆಯ ಮುಖ್ಯ ಭಾಗ. ಗಾಯವು ಲೋಳೆಪೊರೆಗೆ ಸೀಮಿತವಾಗಿದ್ದು, ಹುಣ್ಣಿಲ್ಲದೆ, 2 ಸೆಂಟಿಮೀಟರ್ ಮೀರದೆ, ಜೀವಕೋಶಗಳು ತಮ್ಮ ಮೂಲ ಸ್ವರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದರೆ ದುಗ್ಧಗ್ರಂಥಿಗಳಿಗೆ ರೋಗ ಹರಡಿರುವ ಸಂಭವ ಅತ್ಯಲ್ಪ. ಈ ಮಿತಿಯನ್ನು ಇತ್ತೀಚಿನ ವರ್ಷಗಳಲ್ಲಿ ಕೆಲವು ಷರತ್ತುಗಳೊಡನೆ ವಿಸ್ತರಿಸಲಾಗಿದೆ.

ಶಸ್ತ್ರಚಿಕಿತ್ಸೆ ಯಾವಾಗ?

ಕ್ಯಾನ್ಸರ್ ಅಡಿಪದರದ ಆಳಕ್ಕೆ ಇಳಿದಿದ್ದರೆ, ದುಗ್ಧನಾಳ ಅಥವಾ ರಕ್ತನಾಳವನ್ನು ಹೊಕ್ಕಿದ್ದರೆ ಎಂಡೋಸ್ಕೋಪಿ ಸಾಲದು. ಆಗ ಜಠರದ ಭಾಗವನ್ನು ಅಥವಾ ಪೂರ್ಣ ಜಠರವನ್ನು ಸುತ್ತಲಿನ ದುಗ್ಧಗ್ರಂಥಿಗಳೊಡನೆ ತೆಗೆಯಬೇಕಾಗುತ್ತದೆ. ಭಾಗವನ್ನು ಮಾತ್ರ ತೆಗೆದರೆ ಉಳಿದ ತುಂಡಿನಲ್ಲಿ ಮತ್ತೆ ಕ್ಯಾನ್ಸರ್ ಬರಬಹುದು. ಪೂರ್ಣ ತೆಗೆದರೆ ಆ ಆತಂಕ ಬಹುತೇಕ ನೀಗುತ್ತದೆ. ಆದರೆ ರೋಗಿಯ ತೂಕ ಇಳಿಯುತ್ತದೆ, ಒಮ್ಮೆಗೆ ಸ್ವಲ್ಪವೇ ಉಣ್ಣಬೇಕಾಗುತ್ತದೆ, ಜೀವನಪರ್ಯಂತ ಬಿ-12 ಜೀವಸತ್ವವನ್ನು ಪಡೆಯಬೇಕಾಗುತ್ತದೆ.

ಒಬ್ಬ ರೋಗಿಯ ಜಠರದ ಕೆಳಭಾಗದ ಗಾಯವನ್ನು ಎಂಡೋಸ್ಕೋಪಿಯಿಂದ ತೆಗೆದು, ಮೂರು ವರ್ಷಗಳ ಬಳಿಕ ಮೇಲ್ಭಾಗದಲ್ಲಿ ಎರಡು ಹೊಸ ಗಾಯಗಳು ಕಂಡವೆಂದು ಭಾವಿಸಬಹುದು. ಗಾಯ ಎರಡಾಗಿವೆ ಎಂಬ ಕಾರಣಕ್ಕೇ ಜಠರವನ್ನು ತೆಗೆಯಬೇಕಾಗಿಲ್ಲ. ಪ್ರತಿಯೊಂದು ಗಾಯದ ಆಳ, ಗಾತ್ರ, ಸ್ವರೂಪಗಳನ್ನು ಪ್ರತ್ಯೇಕವಾಗಿ ತೂಗಿ ನೋಡಲಾಗುತ್ತದೆ. ಎರಡೂ ಮಿತಿಯೊಳಗಿದ್ದರೆ ಮತ್ತೆ ಎಂಡೋಸ್ಕೋಪಿಯೇ ಸಾಕಾಗಬಹುದು. ಅವುಗಳಲ್ಲಿ ಒಂದು ಆಳಕ್ಕೆ ಇಳಿದಿದ್ದರೂ ಶಸ್ತ್ರಚಿಕಿತ್ಸೆಯೇ ಕ್ಷೇಮಕರ. ರೋಗಿಯ ವಯಸ್ಸು, ಹೃದಯ ಮತ್ತು ಶ್ವಾಸಕೋಶಗಳ ಸ್ಥಿತಿ, ರೋಗಿಯ ಇಚ್ಛೆ ಇವೂ ನಿರ್ಧಾರದಲ್ಲಿ ಸೇರಬೇಕು.

ಎಚ್ಚರಿಕೆಯೇ ರಕ್ಷೆ

ಜಪಾನಿನಲ್ಲಿ 544 ರೋಗಿಗಳನ್ನು ಕುರಿತು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಡೋಸ್ಕೋಪಿ ಚಿಕಿತ್ಸೆಯ ನಂತರ ಬ್ಯಾಕ್ಟೀರಿಯ ನಿವಾರಣೆಯ ಔಷಧಿ ಪಡೆದ 272 ಮಂದಿಯಲ್ಲಿ 9 ಜನರಿಗೆ ಹೊಸ ಕ್ಯಾನ್ಸರ್ ಬಂದಿತು. ಪಡೆಯದ 272 ಮಂದಿಯಲ್ಲಿ 24 ಜನರಿಗೆ ಬಂದಿತು. ಔಷಧಿಯಿಂದ ಅಪಾಯವು ಗಣನೀಯವಾಗಿ ತಗ್ಗಿದರೂ ಪೂರ್ಣವಾಗಿ ಅಳಿಯಲಿಲ್ಲ ಎಂಬುದು ಗಮನಾರ್ಹ. ಆದುದರಿಂದ ಆರೋಗ್ಯ ಸರಿಯಾಗಿದೆ ಎನಿಸಿದರೂ ವೈದ್ಯರು ಸೂಚಿಸಿದಂತೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಎಂಡೋಸ್ಕೋಪಿ ಮಾಡಿಸಿಕೊಳ್ಳುವುದು ಅಗತ್ಯ. ತಂಬಾಕನ್ನು ತ್ಯಜಿಸಬೇಕು, ಹೆಚ್ಚು ಉಪ್ಪಿನ ಆಹಾರವನ್ನು ಮಿತಗೊಳಿಸಬೇಕು.

ಉದ್ಯೋಗ ನಿಮಿತ್ತ ಊರಿಂದೂರಿಗೆ ಹೋಗುವವರು ಹಳೆಯ ಎಂಡೋಸ್ಕೋಪಿ ಮತ್ತು ಬಯಾಪ್ಸಿ ವರದಿಗಳನ್ನು ಜೋಪಾನವಾಗಿ ಇಟ್ಟುಕೊಂಡು ಹೊಸ ವೈದ್ಯರಿಗೆ ತೋರಿಸಬೇಕು. ವಾರಗಟ್ಟಲೆ ಉಳಿಯುವ ಅಜೀರ್ಣ, ಹಸಿವಿಲ್ಲದಿರುವಿಕೆ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತಹೀನತೆ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣುವುದು ಉಚಿತ. ಮೊದಲ ಸಲವಾಗಲಿ ಮರಳಿ ಬಂದಾಗಲಾಗಲಿ, ಬೇಗ ಪತ್ತೆಯಾದ ರೋಗಕ್ಕೆ ಚಿಕಿತ್ಸೆಯ ಹೆಚ್ಚು ದಾರಿಗಳು ತೆರೆದಿರುತ್ತವೆ.