ಲ್ಯಾಪ್‌ಟಾಪಿನ ಮರೆವು: ಸ್ಮೃತಿದೋಷವನ್ನು ಪತ್ತೆಹಚ್ಚುವುದು ಹೇಗೆ?

2023ರ ಆಗಸ್ಟ್ ತಿಂಗಳು. ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಗ್ಯಾಮಾ ರೋಹಿತದ ನಕ್ಷೆಯೊಂದನ್ನು ಹಿಡಿದು ನನ್ನ ಕೊಠಡಿಗೆ ಬಂದಳು. "ಸರ್, ಇಲ್ಲೊಂದು ಹೊಸ ಶೃಂಗ ಬಂದಿದೆ, ಯಾವ ಐಸೋಟೋಪಿನದೋ ಗೊತ್ತಾಗ್ತಿಲ್ಲ" ಎಂದಳು. ನಕ್ಷೆ ನೋಡಿದೆ. ಸುತ್ತಮುತ್ತಲಿನ ಚಾನಲುಗಳಲ್ಲಿ ಎಣಿಕೆ 300ರ ಆಸುಪಾಸಿನಲ್ಲಿದ್ದರೆ, ಒಂದೇ ಒಂದು ಚಾನಲಿನಲ್ಲಿ ಅದು 2,360ಕ್ಕೆ ನೆಗೆದಿತ್ತು.

ಇದು ನಿಜವಾದ ಶೃಂಗವಾಗಿರಲು ಸಾಧ್ಯವೇ ಇರಲಿಲ್ಲ. ಸೋಡಿಯಮ್ ಅಯೊಡೈಡ್ ಶೋಧಕದಲ್ಲಿ ಸೀಸಿಯಮ್-137ರ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶೃಂಗವೇ ಸುಮಾರು 45 ಕಿಲೋ ಎಲೆಕ್ಟ್ರಾನ್ ವೋಲ್ಟಿನಷ್ಟು ಅಗಲಕ್ಕೆ, ಅಂದರೆ ಹತ್ತಾರು ಚಾನಲುಗಳಿಗೆ ಹರಡಿಕೊಳ್ಳುತ್ತದೆ. ಸೂಜಿಯಂತೆ ಒಂದೇ ಚಾನಲಿನಲ್ಲಿ ನಿಲ್ಲುವ ಶೃಂಗ ಪ್ರಕೃತಿಯದಲ್ಲ, ಉಪಕರಣದ್ದು. ಕೇಬಲ್ ಸರಿಯಾಗಿ ಜೋಡಿಸಿಲ್ಲವೆಂದು ಅವಳನ್ನೇ ಗದರಿ ಕಳಿಸಿದೆ. ಆ ಗದರಿಕೆ ಅನ್ಯಾಯದ್ದೆಂದು ತಿಳಿದದ್ದು ಎರಡು ದಿನಗಳ ನಂತರ. ಈ ಬಾರಿ ಬೇರೊಂದು ಚಾನಲಿನಲ್ಲಿ, ನೆರೆಯವು 200ರ ಸುತ್ತ ಇರುವಾಗ, 2,251 ಎಣಿಕೆ ಬಂದಿತ್ತು.

ಈಗ ಸ್ವಲ್ಪ ಲೆಕ್ಕ ಮಾಡೋಣ. 2,360ರಿಂದ 2,048 ಕಳೆದರೆ 312. 2,251ರಿಂದ 2,048 ಕಳೆದರೆ 203. ಎರಡೂ ತಮ್ಮ ನೆರೆಯ ಎಣಿಕೆಗಳ ನಡುವೆ ಸರಿಯಾಗಿ ಕೂರುತ್ತವೆ. 2,048 ಎಂದರೆ 2ರ 11ನೇ ಘಾತ. ದ್ವಿಮಾನ ಪದ್ಧತಿಯಲ್ಲಿ ಬರೆದ ಸಂಖ್ಯೆಯ ಒಂದು ಸ್ಥಾನದಲ್ಲಿ 0 ಇದ್ದದ್ದು 1 ಆದರೆ ಆಗುವ ಹೆಚ್ಚಳ ಇದೇ. ದೋಷ ಶೋಧಕದಲ್ಲಿರಲಿಲ್ಲ, ವಿದ್ಯಾರ್ಥಿನಿಯಲ್ಲೂ ಇರಲಿಲ್ಲ. ಎಣಿಕೆಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಲ್ಯಾಪ್‌ಟಾಪಿನ ಸ್ಮೃತಿಯಲ್ಲಿತ್ತು.

ಸೋರುವ ಕೊಡಗಳ ಸಾಲು

ರ‍್ಯಾಮ್ ಎಂದು ನಾವು ಕರೆಯುವ ಸ್ಮೃತಿಯ ಮೂಲ ವಿನ್ಯಾಸವನ್ನು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1966ರಲ್ಲಿ ರೂಪಿಸಿದರು. 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ವಿನ್ಯಾಸ ಬಹಳ ಸರಳ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಧಾರಕ. ಧಾರಕದಲ್ಲಿ ವಿದ್ಯುದಾವೇಶ ತುಂಬಿದ್ದರೆ 1, ಇಲ್ಲದಿದ್ದರೆ 0 ಎಂದಿಟ್ಟುಕೊಳ್ಳಿ. ಟ್ರಾನ್ಸಿಸ್ಟರು ಬಾಗಿಲು ಕಾಯುವವನಂತೆ.

ಈ ಧಾರಕ ಎಷ್ಟು ಪುಟ್ಟದು? ಧಾರಕತೆ 10 ಫೆಮ್ಟೊಫ್ಯಾರಡ್, ವಿಭವಾಂತರ 1 ವೋಲ್ಟ್ ಎಂದುಕೊಂಡರೆ ಅದರಲ್ಲಿರುವ ಆವೇಶ 10ರ ಮೈನಸ್ 14ನೇ ಘಾತದಷ್ಟು ಕೂಲಂಬ್. ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದರೆ ಸುಮಾರು 60,000 ಎಲೆಕ್ಟ್ರಾನುಗಳು. ನಿಮ್ಮ ಒಂದು ಬಿಟ್ ಮಾಹಿತಿ ನಿಂತಿರುವುದು ಇಷ್ಟರ ಮೇಲೆ. ಅವೂ ನಿಧಾನವಾಗಿ ಸೋರಿಹೋಗುತ್ತಿರುತ್ತವೆ. ಆದ್ದರಿಂದಲೇ ಪ್ರತಿಯೊಂದು ಧಾರಕವನ್ನೂ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಿಸುವ ವ್ಯವಸ್ಥೆ ಇದೆ. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಚಿಪ್ಪಿನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಹೆಚ್ಚುವುದರಿಂದ 32 ಮಿಲಿಸೆಕೆಂಡಿಗೊಮ್ಮೆ ತುಂಬಿಸಬೇಕಾಗುತ್ತದೆ.

8 ಗಿಗಾಬೈಟ್ ಸ್ಮೃತಿಯಲ್ಲಿ ಇಂಥ ಕೊಡಗಳು ಎಷ್ಟು ಗೊತ್ತೆ? ಸುಮಾರು 6,872 ಕೋಟಿ! ಇವುಗಳಲ್ಲಿ ಕೆಲವು ಉಳಿದವಕ್ಕಿಂತ ಬೇಗ ಸೋರಿದರೆ ಆಶ್ಚರ್ಯವಿಲ್ಲ. ತಣ್ಣಗಿದ್ದಾಗ ಸರಿಯಾಗಿರುವ ಲ್ಯಾಪ್‌ಟಾಪ್ ಅರ್ಧ ಗಂಟೆ ಕೆಲಸ ಮಾಡಿ ಬಿಸಿಯಾದ ಮೇಲೆ ತಪ್ಪಲು ಇದೂ ಒಂದು ಕಾರಣ.

ಆಕಸ್ಮಿಕವೋ, ಕಾಯಂ ದೋಷವೋ?

ಬಿಟ್ ತಿರುಗಿಬಿದ್ದ ಮಾತ್ರಕ್ಕೆ ಸ್ಮೃತಿ ಕೆಟ್ಟಿದೆ ಎನ್ನಲಾಗದು. 1978ರಲ್ಲಿ ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ ಒಂದು ಸ್ವಾರಸ್ಯಕರ ಸಂಗತಿಯನ್ನು ವರದಿ ಮಾಡಿದರು. ಚಿಪ್ಪಿನ ಹೊದಿಕೆಯ ವಸ್ತುವಿನಲ್ಲಿದ್ದ ಅತ್ಯಲ್ಪ ಯುರೇನಿಯಮ್ ಮತ್ತು ಥೋರಿಯಮ್‌ಗಳಿಂದ ಹೊಮ್ಮುವ ಆಲ್ಫಾ ಕಣಗಳೇ ಬಿಟ್‌ಗಳನ್ನು ಕೆಡಿಸುತ್ತಿದ್ದವು. ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಾನುಗಳೂ ಇದೇ ಕೆಲಸ ಮಾಡಬಲ್ಲವು. 2003ರ ಮೇ 18ರಂದು ಬೆಲ್ಜಿಯಮ್ಮಿನ ಚುನಾವಣೆಯಲ್ಲಿ ಸ್ಕಾರ್‌ಬೀಕ್ ಎಂಬಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಬೇಕಾದ್ದಕ್ಕಿಂತ 4,096 ಮತಗಳು ಹೆಚ್ಚು ದಾಖಲಾದವು. ಅದು 2ರ 12ನೇ ಘಾತ! ಅಲ್ಲಿಯೂ ಬಿಟ್ ತಾನಾಗಿ ತಿರುಗಿರಬೇಕೆಂದೇ ತಜ್ಞರು ಊಹಿಸಿದರು. ವಿಶ್ವಕಿರಣವೇ ಕಾರಣವೆಂಬುದು ಮಾತ್ರ ಸಾಬೀತಾಗಲಿಲ್ಲ.

ಇಂಥ ಆಕಸ್ಮಿಕ ದೋಷ ಒಮ್ಮೆ ಬಂದು ಹೋಗುತ್ತದೆ. ಅದೇ ಕೊಡಕ್ಕೆ ಮತ್ತೆ ಬರೆದರೆ ಸರಿಯಾಗಿಯೇ ಓದಬಹುದು. ಕಾಯಂ ದೋಷ ಹಾಗಲ್ಲ, ಅದು ಮರಳಿ ಬರುತ್ತದೆ. ಗೂಗಲ್ ಸಂಸ್ಥೆಯ ಸರ್ವರುಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶೇಕಡಾ 8ಕ್ಕಿಂತ ಹೆಚ್ಚು ಸ್ಮೃತಿಫಲಕಗಳು ವರ್ಷಕ್ಕೆ ಒಮ್ಮೆಯಾದರೂ ತಪ್ಪಿದ್ದವು. ಒಮ್ಮೆ ತಪ್ಪಿದ ಫಲಕವೇ ಮತ್ತೆ ತಪ್ಪುವ ಸಂಭವ ಬಹಳ ಹೆಚ್ಚಾಗಿತ್ತು. ಆದ್ದರಿಂದ ತಪ್ಪು ಮರುಕಳಿಸುತ್ತಿದ್ದರೆ ಆಕಾಶವನ್ನು ದೂರುವುದು ಬೇಡ. ದೋಷ ನಿಮ್ಮ ಮೇಜಿನ ಮೇಲೆಯೇ ಇದೆ.

ವೇಷ ಮರೆಸಿಕೊಂಡ ರೋಗ

ಸ್ಮೃತಿದೋಷದ ತೊಂದರೆ ಏನೆಂದರೆ ಅದು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ನೀಲಿ ಪರದೆ ಬಂದು ಕಂಪ್ಯೂಟರ್ ನಿಲ್ಲುತ್ತದೆ, ಪ್ರತಿ ಬಾರಿಯೂ ದೋಷಸಂಕೇತ ಬೇರೆ. ಜಿಪ್ ಕಡತ ಬಿಚ್ಚಿಕೊಳ್ಳುವುದಿಲ್ಲ. ತಂತ್ರಾಂಶ ಸ್ಥಾಪನೆ ಅರ್ಧಕ್ಕೆ ನಿಲ್ಲುತ್ತದೆ. ನಾವು ವೈರಸ್ ಎನ್ನುತ್ತೇವೆ, ವಿಂಡೋಸ್ ಕೆಟ್ಟಿದೆ ಎನ್ನುತ್ತೇವೆ. ನಮ್ಮ ವಿದ್ಯಾರ್ಥಿನಿಯ ಲ್ಯಾಪ್‌ಟಾಪನ್ನೂ ರಿಪೇರಿ ಅಂಗಡಿಯಲ್ಲಿ ಎರಡು ಬಾರಿ ಫಾರ್ಮ್ಯಾಟ್ ಮಾಡಿಸಲಾಗಿತ್ತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸ್ಮೃತಿಯ ಮೇಲೆ ಅನುಮಾನವಿದ್ದಾಗ ಡಿಸ್ಕನ್ನು ದುರಸ್ತಿ ಮಾಡುವ ತಂತ್ರಾಂಶ ಓಡಿಸಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಡಿಸ್ಕಿಗೆ ಹೋಗುವ ಪ್ರತಿಯೊಂದು ಬೈಟೂ ಸ್ಮೃತಿಯ ಮೂಲಕವೇ ಹೋಗಬೇಕು. ಕೆಟ್ಟ ಸ್ಮೃತಿಯ ಮೂಲಕ ಮಾಡಿದ ದುರಸ್ತಿ ಒಳ್ಳೆಯ ಕಡತಗಳನ್ನೂ ಕೆಡಿಸಬಹುದು. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಲೂ ಬೇಡಿ. ಮೊದಲು ಸ್ಮೃತಿ, ಆಮೇಲೆ ಡಿಸ್ಕ್.

ತಂತ್ರಾಂಶದಿಂದ ಪರೀಕ್ಷೆ

ವಿಂಡೋಸ್‌ನಲ್ಲಿಯೇ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆ ಇದೆ. ಅದು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ಪರೀಕ್ಷಿಸುತ್ತದೆ. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಬೇಕೆಂದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಬೇಕು. ಪೆನ್‌ಡ್ರೈವನ್ನು ಬೇರೊಂದು ಒಳ್ಳೆಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿಕೊಳ್ಳಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಸೆಕ್ಯೂರ್ ಬೂಟ್ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಹಾಗೆ ಮಾಡುವ ಮುನ್ನ ಬಿಟ್‌ಲಾಕರ್‌ನ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಿ.

ವಿಂಡೋಸ್ ಓಡುತ್ತಿರುವಾಗಲೇ ಏಕೆ ಪರೀಕ್ಷಿಸಬಾರದು? ಏಕೆಂದರೆ ಆಗ ಸ್ಮೃತಿಯ ಒಂದು ಭಾಗದಲ್ಲಿ ವಿಂಡೋಸ್ ತಾನೇ ಕುಳಿತಿರುತ್ತದೆ. ಆ ಭಾಗವನ್ನು ಅಳಿಸಿ ಬರೆದು ನೋಡುವಂತಿಲ್ಲ.

ಪರೀಕ್ಷೆಯ ತತ್ತ್ವ ಸರಳ. ಎಲ್ಲ ಕೋಶಗಳಿಗೂ ಗೊತ್ತಿರುವ ವಿನ್ಯಾಸವೊಂದನ್ನು ಬರೆಯುವುದು, ಓದಿ ಹೋಲಿಸುವುದು, ಅದರ ವಿಲೋಮವನ್ನು ಬರೆಯುವುದು, ಮತ್ತೆ ಓದುವುದು. ವಿಳಾಸಗಳ ಏರಿಕೆಯ ಕ್ರಮದಲ್ಲೊಮ್ಮೆ, ಇಳಿಕೆಯ ಕ್ರಮದಲ್ಲೊಮ್ಮೆ ಹೀಗೆ ಮಾಡಿದರೆ, ಒಂದು ಕೋಶಕ್ಕೆ ಬರೆದಾಗ ನೆರೆಯ ಕೋಶ ಕೆಡುವಂಥ ದೋಷಗಳೂ ಬಯಲಾಗುತ್ತವೆ. ಇನ್ನೊಂದು ಪರೀಕ್ಷೆಯಲ್ಲಿ ಬರೆದು, ಸ್ವಲ್ಪ ಹೊತ್ತು ಬಿಟ್ಟು ಓದುತ್ತಾರೆ. ಬೇಗ ಸೋರುವ ಕೊಡಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಒಂದು ಸುತ್ತು ಮುಗಿಯಲು ಅರ್ಧ ಗಂಟೆಯಿಂದ ಕೆಲವು ಗಂಟೆಗಳು ಹಿಡಿಯಬಹುದು. ಕನಿಷ್ಠ ನಾಲ್ಕು ಸುತ್ತು, ಸಾಧ್ಯವಾದರೆ ಇಡೀ ರಾತ್ರಿ ಓಡಲಿ. ಫಲಿತಾಂಶವನ್ನು ಓದುವಾಗ ಒಂದು ಮಾತು ನೆನಪಿರಲಿ. ಒಂದೇ ಒಂದು ದೋಷ ಕಂಡರೂ ಏನೋ ಕೆಟ್ಟಿದೆ ಎಂಬುದು ಖಚಿತ. ದೋಷ ಕಾಣದಿದ್ದರೆ ಎಲ್ಲವೂ ಸರಿಯಿದೆ ಎಂಬುದು ಮಾತ್ರ ಖಚಿತವಲ್ಲ.

ನಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲ ಇಪ್ಪತ್ತು ನಿಮಿಷ ಏನೂ ಕಾಣಲಿಲ್ಲ. ಬಿಸಿಯೇರಿದ ಮೇಲೆ ಕೆಂಪು ಸಾಲುಗಳು ಒಂದರ ಹಿಂದೊಂದು ಬಂದವು. ವಿಳಾಸಗಳು ಬೇರೆ ಬೇರೆ, ಆದರೆ ತಪ್ಪಿದ ಬಿಟ್ ಒಂದೇ. ಷೋಡಶಮಾನ ಪದ್ಧತಿಯಲ್ಲಿ ಅದನ್ನು 800 ಎಂದು ತೋರಿಸುತ್ತಿತ್ತು. 8ನ್ನು 256ರಿಂದ ಗುಣಿಸಿ ನೋಡಿ, 2,048! ಒಂದೇ ಬಿಟ್ ಹಲವು ವಿಳಾಸಗಳಲ್ಲಿ ತಪ್ಪುತ್ತಿದ್ದರೆ ದೋಷ ಒಂದು ಕೋಶದ್ದಲ್ಲ, ಒಂದು ಚಿಪ್ಪಿನ ಸಾಲಿನದೋ ಸಂಪರ್ಕದ್ದೋ ಇರಬೇಕು.

ಅದಲು ಬದಲು ಪ್ರಯೋಗ

ದೋಷವಿದೆ ಎಂದು ತಿಳಿಯಿತು. ಎಲ್ಲಿದೆ? ಸ್ಮೃತಿಫಲಕದಲ್ಲೋ, ಅದನ್ನು ಸಿಕ್ಕಿಸುವ ಗೂಡಿನಲ್ಲೋ, ಅಥವಾ ಮದರ್‌ಬೋರ್ಡಿನಲ್ಲೋ? ತಂತ್ರಾಂಶ ಇದನ್ನು ಹೇಳಲಾರದು. ಇಲ್ಲಿ ಬೇಕಾದ್ದು ನಾವು ಪ್ರಯೋಗಾಲಯದಲ್ಲಿ ಮೊದಲ ದಿನವೇ ಕಲಿಸುವ ನಿಯಮ: ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು.

ಲ್ಯಾಪ್‌ಟಾಪನ್ನು ಪೂರ್ಣ ಆಫ್ ಮಾಡಿ ಚಾರ್ಜರ್ ತೆಗೆಯಿರಿ. ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಿ. ಭೂಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಹರಿಯಬಿಡಿ. ಖಾತರಿ ಅವಧಿ ಇನ್ನೂ ಇದ್ದರೆ ತೆರೆಯುವ ಮೊದಲು ಷರತ್ತು ಓದಿ. ಫಲಕದ ಎರಡು ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ಅದು ಓರೆಯಾಗಿ ಮೇಲೇಳುತ್ತದೆ. ಅಂಚು ಹಿಡಿದು ಎಳೆಯಿರಿ, ಚಿನ್ನದ ಲೇಪದ ಪಟ್ಟಿಗಳನ್ನು ಮುಟ್ಟಬೇಡಿ. ಅಂಗಡಿಗಳಲ್ಲಿ ಅವನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯಿದೆ. ಲೇಪ ಬಲು ತೆಳು, ಉಜ್ಜಿದಷ್ಟೂ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನಯವಾದ ಬಟ್ಟೆಯಿಂದ ಒರೆಸಿ ಒಣಗಿಸುವುದು ಮೇಲು. ಎಷ್ಟೋ ಸಲ ಹೀಗೆ ತೆಗೆದು ಮತ್ತೆ ಭದ್ರವಾಗಿ ಕೂರಿಸಿದರೇ ದೋಷ ಮಾಯವಾಗುತ್ತದೆ.

ಆಗದಿದ್ದರೆ ಫಲಕಗಳಿಗೆ ಅ, ಆ ಎಂದೂ ಗೂಡುಗಳಿಗೆ 1, 2 ಎಂದೂ ಗುರುತು ಹಾಕಿ. ಒಂದು ಸಲಕ್ಕೆ ಒಂದೇ ಫಲಕ ಇಟ್ಟು ನಾಲ್ಕು ಜೋಡಣೆಗಳನ್ನೂ ಪರೀಕ್ಷಿಸಿ.

• ಎರಡೂ ಗೂಡುಗಳಲ್ಲಿ ಆ ತಪ್ಪಿ, ಅ ಸರಿಯಿದ್ದರೆ: ಆ ಫಲಕವೇ ದೋಷಿ.
• 2ನೇ ಗೂಡಿನಲ್ಲಿ ಎರಡು ಫಲಕಗಳೂ ತಪ್ಪಿ, 1ರಲ್ಲಿ ಎರಡೂ ಸರಿಯಿದ್ದರೆ: ಗೂಡು ಅಥವಾ ಅದರ ಸಂಪರ್ಕ ದೋಷಿ.
• ನಾಲ್ಕೂ ಜೋಡಣೆಗಳಲ್ಲಿ ತಪ್ಪಿದರೆ: ಮದರ್‌ಬೋರ್ಡ್ ಅಥವಾ ಪ್ರೊಸೆಸರಿನ ಮೇಲೆ ಅನುಮಾನ.
• ಬೇರೆ ಬೇರೆಯಾಗಿ ಸರಿಯಿದ್ದು ಒಟ್ಟಿಗೆ ತಪ್ಪಿದರೆ: ಫಲಕಗಳು ಪರಸ್ಪರ ಹೊಂದುತ್ತಿಲ್ಲ.

ಕೆಲವು ಲ್ಯಾಪ್‌ಟಾಪುಗಳು ಒಂದೇ ಫಲಕವಿದ್ದಾಗ ಅದು ನಿರ್ದಿಷ್ಟ ಗೂಡಿನಲ್ಲೇ ಇರಬೇಕೆನ್ನುತ್ತವೆ, ಕೈಪಿಡಿ ನೋಡಿಕೊಳ್ಳಿ. ತೆಳುವಾದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಈ ಪ್ರಯೋಗ ಸಾಧ್ಯವಿಲ್ಲ. ದೋಷ ಕೆಲವೇ ವಿಳಾಸಗಳಲ್ಲಿದ್ದರೆ ಅವನ್ನು ಬಳಸದಂತೆ ಲಿನಕ್ಸ್‌ಗೆ ಸೂಚಿಸಬಹುದು. ಇಲ್ಲವಾದರೆ ಬೋರ್ಡನ್ನೇ ಬದಲಿಸಬೇಕು.

ಉಳಿದ ಪ್ರಶ್ನೆ

ನಮ್ಮಲ್ಲಿ ದೋಷಿಯಾಗಿದ್ದುದು ಆ ಫಲಕ. ಅದನ್ನು ಬದಲಿಸಿದ್ದು ಸುಲಭದ ಕೆಲಸ. ಕಷ್ಟದ ಪ್ರಶ್ನೆ ಬೇರೆಯಿತ್ತು: ಅಲ್ಲಿಯವರೆಗೆ ಸಂಗ್ರಹಿಸಿದ್ದ 43 ಕಡತಗಳಲ್ಲಿ ಯಾವುದನ್ನು ನಂಬುವುದು? ಕಣ್ಣಿಗೆ ಹೊಡೆಯುವ ಸೂಜಿಗಳು ಎರಡೇ ಕಡತಗಳಲ್ಲಿದ್ದವು. ಎತ್ತರದ ಶೃಂಗದ ನಡುವೆ ಅಡಗಿದ ತಪ್ಪುಗಳು ಎಷ್ಟೋ!

ವಿದ್ಯಾರ್ಥಿನಿಯ ದಿನಚರಿ ಪುಸ್ತಕ ಇಲ್ಲಿ ನೆರವಿಗೆ ಬಂತು. ಶೋಧಕದ ಫಲಕದ ಮೇಲೆ ಕಾಣುತ್ತಿದ್ದ ಒಟ್ಟು ಎಣಿಕೆಯನ್ನು ಅವಳು ಪ್ರತಿ ಅಳತೆಯ ಕೊನೆಗೆ ಕೈಯಿಂದ ಬರೆದಿಟ್ಟಿದ್ದಳು. ಪ್ರತಿ ಕಡತದ ಚಾನಲುಗಳನ್ನು ಕೂಡಿಸಿ ಆ ಸಂಖ್ಯೆಯೊಂದಿಗೆ ಹೋಲಿಸಿದೆವು. 9 ಕಡತಗಳು ತಾಳೆಯಾಗಲಿಲ್ಲ. ಅವುಗಳ ಅಳತೆಗಳನ್ನು ಅವಳು ಮತ್ತೆ ಮಾಡಿದಳು. ಗದರಿದ್ದಕ್ಕೆ ನಾನು ಕ್ಷಮೆ ಕೇಳಿದೆ.

ಸರ್ವರ್ ಕಂಪ್ಯೂಟರುಗಳು ಇದೇ ಕೆಲಸವನ್ನು ತಾವಾಗಿ ಮಾಡಿಕೊಳ್ಳುತ್ತವೆ. 64 ಬಿಟ್ ಮಾಹಿತಿಯೊಂದಿಗೆ 8 ಹೆಚ್ಚುವರಿ ಬಿಟ್‌ಗಳನ್ನಿಟ್ಟು, ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ತತ್ತ್ವದ ಆಧಾರದಲ್ಲಿ ಒಂದು ಬಿಟ್‌ನ ತಪ್ಪನ್ನು ತಿದ್ದುತ್ತವೆ. ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಈ ಪೂರ್ಣ ವ್ಯವಸ್ಥೆ ಇರುವುದಿಲ್ಲ.

ಶಿಕ್ಷಕರು ಇದನ್ನು ತರಗತಿಯಲ್ಲಿ ಆಡಿಸಿ ನೋಡಬಹುದು. ಎಂಟು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಕೆಲವರು ಕೈ ಎತ್ತಲಿ. ಎತ್ತಿದ ಕೈಗಳ ಒಟ್ಟು ಸಂಖ್ಯೆ ಸಮವಾಗುವಂತೆ ಒಂಬತ್ತನೆಯವನು ಕೈ ಎತ್ತಲಿ ಅಥವಾ ಇಳಿಸಲಿ. ಇನ್ನೊಬ್ಬ ವಿದ್ಯಾರ್ಥಿ ಆ ಕಡೆ ತಿರುಗಿ ನಿಂತಿರುವಾಗ ಸಾಲಿನಲ್ಲಿ ಒಬ್ಬ ಮಾತ್ರ ತನ್ನ ಕೈ ಬದಲಿಸಲಿ. ತಿರುಗಿದವನು ಎಣಿಸಿ, ತಪ್ಪಾಗಿದೆ ಎಂದು ಹೇಳಬಲ್ಲ. ಯಾರು ಬದಲಿಸಿದರೆಂದು ಹೇಳಬಲ್ಲನೆ? ಹೇಳಲು ಇನ್ನೆಷ್ಟು ಮಂದಿ ಬೇಕು? ಉತ್ತರ ಹುಡುಕುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಿ.