ಹತ್ತೋ ಬೆವರು ನಿಮ್ದು, ಇಳಿಯೋ ಭಯ ಊರಿಂದು!

ಮೈಸೂರು: ಭಾನುವಾರ ಬೆಳಗಿನ ಜಾವ ಐದೂವರೆ. ಊರಿಗೆ ಇನ್ನೂ ನಿದ್ದೆ. ಹಾಲಿನವರು, ಪೇಪರ್ ಹುಡುಗರು ಬಿಟ್ಟರೆ ಎದ್ದಿರುವವರು ಚಾಮುಂಡಿ ಬೆಟ್ಟದ ಬುಡದಲ್ಲಿ ಸೇರುವ ಸೈಕಲ್ ಸವಾರರು. ತಲೆಗೆ ಅಣಬೆಯಂಥ ಹೆಲ್ಮೆಟ್, ಮೈಗಂಟಿದ ಬಣ್ಣದ ಬನಿಯನ್. ಸೈಕಲ್ಲಿಗೋ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಎಷ್ಟೋ ಸೈಕಲ್ಲಿಗೆ ಬೆಲ್ಲೂ ಇಲ್ಲ! ಬೆಲೆ ಕೇಳಿದರೆ ಮಾತ್ರ ಸ್ಕೂಟರ್ ನಾಚಿ ಮೂಲೆ ಸೇರಬೇಕು.

ಇವರ ಮೋಜುಗಳಾದರೂ ಏನು? ಮನೆಯೊಳಗೆ ಕೂತು ತುಳಿಯೋದು, ಬೆಟ್ಟ ಹತ್ತೋದು, ಸಂಜೆಗೊಂದು ಬಿಯರ್ ಹೀರೋದು, ಜುಂ ಅಂತ ಇಳಿಯೋದು. ಮೊದಲ ಮೂರರ ಲಾಭ-ನಷ್ಟ ಬಹುಪಾಲು ಅವರವರದ್ದೇ. ನಾಲ್ಕನೆಯದರ ಲೆಕ್ಕ ಮಾತ್ರ ಹಾದಿಹೋಕರ ಖಾತೆಗೆ ಬೀಳುವ ಅಪಾಯವಿದೆ. ಸಮಸ್ಯೆ ಇರುವುದೇ ಅಲ್ಲಿ.

ಅಂದಿನ ಗಮ್ಮತ್ತು

ಸೈಕಲ್ ಮೋಜು ಹೊಸದೇನಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಬಾರ್ ಕೆಳಗೆ ಕಾಲು ತೂರಿಸಿ ತುಳಿದು ಮಂಡಿ ತರಚಿಕೊಂಡವರೇ ಇಂದು ಮೊಮ್ಮಕ್ಕಳನ್ನು ಎತ್ತಾಡಿಸುತ್ತಿದ್ದಾರೆ. ಆಗ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸಪ್ಪ ಹಿಡಿದು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದ.

ಮೈದಾನದಲ್ಲಿ ಹಗಲೂ ರಾತ್ರಿ ಇಳಿಯದೆ ಸೈಕಲ್ ಸುತ್ತುವವನನ್ನು ನೋಡಲು ಜನವೋ ಜನ. ಅವನ ಊಟ, ಸ್ನಾನ ಎಲ್ಲ ಸೀಟಿನ ಮೇಲೇ. ಮೆಚ್ಚಿದವರು ನೋಟಿಗೆ ಪಿನ್ನು ಚುಚ್ಚಿ ಅಂಗಿಗೆ ಸಿಕ್ಕಿಸುತ್ತಿದ್ದರು. ಗಣೇಶನ ಹಬ್ಬ, ರಾಜ್ಯೋತ್ಸವ ಬಂತೆಂದರೆ ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕಡೆಗೆ ಬಂದವನೇ ಗೆದ್ದವನು! ಬಹುಮಾನ ಒಂದು ಸ್ಟೀಲ್ ಟಿಫನ್ ಡಬ್ಬಿ.

ನಡುಮನೆಯ ಬೆಟ್ಟ

ಈಗ ಮಳೆ ಬಂದರೂ ಸವಾರಿ ನಿಲ್ಲೋದಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಕಳಚಿ 'ಟ್ರೇನರ್' ಎಂಬ ಯಂತ್ರಕ್ಕೆ ಸಿಕ್ಕಿಸಿದರಾಯಿತು. ಎದುರಿನ ಪರದೆಯ ಮೇಲೆ ಏರು ಬಂದರೆ ಪೆಡಲ್ ಬಿಗಿಯಾಗುತ್ತದೆ, ಇಳಿಜಾರು ಬಂದರೆ ಸಡಿಲ. 2014ರಲ್ಲಿ ಬಂದ 'ಜ್ವಿಫ್ಟ್' ಎಂಬ ಆಟದಲ್ಲಂತೂ ಮೈಸೂರಿನ ಸವಾರ ಮಲೇಷಿಯಾದವನ ಜೊತೆ ರೇಸ್ ಬೀಳಬಹುದು. 2020ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದರಲ್ಲೇ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ಸವಾರರು ಓಡಿದ್ದು ಅವರವರ ಮನೆಯಲ್ಲಿ, ಬೆವರು ಮಾತ್ರ ಅಪ್ಪಟ.

ಇನ್ನು ಡಾಕ್ಟರ್ ಹೇಳಿದರೆಂದು ಕೊಂಡ ಎಕ್ಸರ್‌ಸೈಜ್ ಸೈಕಲ್ಲಿನ ಕಥೆ ಗೊತ್ತಿದ್ದದ್ದೇ. ಮೊದಲ ತಿಂಗಳು ಯಜಮಾನರು ಹತ್ತುತ್ತಾರೆ. ಮೂರನೇ ತಿಂಗಳಿಗೆ ಒದ್ದೆ ಟವೆಲ್ಲು ಹತ್ತುತ್ತದೆ. ಹೋಗಲಿ ಬಿಡಿ, ಅದರಿಂದ ಯಾರಿಗೂ ಏಟಾಗಿಲ್ಲ.

ಬಾಟಲಿಯ ಲೆಕ್ಕ

ಸೈಕಲ್ಲಿಗೂ ಬಿಯರಿಗೂ ಹಳೇ ನಂಟು. ಜರ್ಮನಿಯಲ್ಲಿ ಬಿಯರಿಗೆ ನಿಂಬೆ ಪಾನಕದ ಸೋಡಾ ಬೆರೆಸಿದ ಪೇಯಕ್ಕೆ 'ರಾಡ್ಲರ್' ಅಂತಲೇ ಹೆಸರು. ಹಾಗೆಂದರೆ ಸೈಕಲ್ ಸವಾರ! ನಮ್ಮಲ್ಲೂ "ಅಷ್ಟು ತುಳಿದಿದೀವಿ ಸಾರ್, ಒಂದು ಬಿಯರಿಗೇನು?" ಎಂಬ ಮಾತು ಸಾಮಾನ್ಯ.

ಏನೆಂದರೆ, 650 ಮಿ.ಲೀ. ಬಾಟಲಿಯಲ್ಲಿ ನೂರಕ್ಕೆ 5 ಪಾಲು ಮದ್ಯಸಾರವಿದ್ದರೆ ಅದು ಸುಮಾರು 25 ಗ್ರಾಂ. ಸ್ಟ್ರಾಂಗ್ ಆದರೆ 8 ಪಾಲು, ಅಂದರೆ 40 ಗ್ರಾಂ ದಾಟುತ್ತದೆ. ದೇಹ ಗಂಟೆಗೆ ಕರಗಿಸೋದು 7ರಿಂದ 10 ಗ್ರಾಂ ಮಾತ್ರ. ಒಂದು ಬಾಟಲಿ ಇಳಿಯಲು ಎರಡೂವರೆ ಗಂಟೆಯಾದರೂ ಬೇಕು. ಬಾಯಾರಿಕೆಗೂ ಅದು ಮದ್ದಲ್ಲ. ಮೂತ್ರ ಹೆಚ್ಚಿಸಿ ಇದ್ದ ನೀರನ್ನೂ ಹೊರಹಾಕುತ್ತದೆ. ಕುಡಿಯೋರು ಸೈಕಲ್ ಮನೆಗೆ ಸೇರಿಸಿ ಕುಡಿಯಲಿ ಎಂಬುದಷ್ಟೇ ಹಿರಿಯರ ಅಂಬೋಣ.

ಇಳಿಜಾರಿನ ಹುಚ್ಚು

ಈಗ ಬೆಟ್ಟಕ್ಕೆ ಬರೋಣ. ಊರಿನಿಂದ ಬೆಟ್ಟದ ನೆತ್ತಿಗೆ ಸುಮಾರು 300 ಮೀಟರ್ ಎತ್ತರ. ಹತ್ತುವವನು ಏದುಸಿರು ಬಿಡುತ್ತಾ ಆಮೆಯಂತೆ ಸಾಗುತ್ತಾನೆ, ವಾಕಿಂಗ್ ಬಂದ ಅಜ್ಜನಿಗೂ ನಮಸ್ಕಾರ ಹೇಳುತ್ತಾನೆ. ಅದೇ ಆಸಾಮಿ ಇಳಿಯುವಾಗ ಬೇರೆಯೇ ಮನುಷ್ಯ! ತಲೆ ತಗ್ಗಿಸಿ ಬಿಟ್ಟರೆ ಗಂಟೆಗೆ 50 ಕಿ.ಮೀ. ಮುಟ್ಟೋದು ಕಷ್ಟವಲ್ಲ. ಮೇಲಾಗಿ ಜೇಬಿನ ಫೋನು ರಸ್ತೆಯನ್ನು ತುಂಡು ತುಂಡು ಮಾಡಿ, ಯಾರು ಎಷ್ಟು ಸೆಕೆಂಡಿನಲ್ಲಿ ಇಳಿದರು ಎಂದು ಪಟ್ಟಿ ಹಾಕುತ್ತದೆ. ಪಟ್ಟಿಯಲ್ಲಿ ಮೇಲೇರಲು ಬ್ರೇಕು ಮರೆತವನು ಶೂರ!

ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಏನೋ ಬಂತು ಎಂದು ತಿಳಿದು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಹೋಯಿತು. ಆಮೇಲೆ ಒಣ, ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿ ಬ್ರೇಕು ಹಿಡಿದರೂ ಇನ್ನೊಂದು 20 ಮೀಟರ್. ಒಟ್ಟು 34. ಅದೇ ಗಂಟೆಗೆ 25 ಕಿ.ಮೀ. ಆದರೆ 12 ಮೀಟರಿನಲ್ಲಿ ನಿಲ್ಲಬಹುದು. ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟು. ಇಳಿಜಾರು, ಇಬ್ಬನಿ, ಒದ್ದೆ ಎಲೆ ಸೇರಿದರೆ ಈ ಲೆಕ್ಕವೂ ಕೆಟ್ಟಿತು.

"ಹೆಲ್ಮೆಟ್ ಇದೆಯಲ್ಲಾ!" ಎನ್ನುವವರು ಕೇಳಲಿ. ಯುರೋಪಿನ ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷೆಗಾಗಿ ಅಪ್ಪಳಿಸುವುದು ಗಂಟೆಗೆ 20 ಕಿ.ಮೀ. ಆಸುಪಾಸಿನ ವೇಗದಲ್ಲಿ. ಹೆಲ್ಮೆಟ್ ಬೇಡವೆಂದಲ್ಲ, ಬೇಕೇ ಬೇಕು. ಆದರೆ ನಡೆದುಹೋಗುವ ಅಜ್ಜಿಯ ತಲೆಗೆ ಹೆಲ್ಮೆಟ್ ಎಲ್ಲಿದೆ? ಬೆಟ್ಟದ ರಸ್ತೆಯಲ್ಲಿ ಆಕೆ ಇದ್ದಾಳೆ, ಹರಕೆ ಹೊತ್ತು ಬರಿಗಾಲಲ್ಲಿ ಬರುವವರಿದ್ದಾರೆ, ದಿಢೀರನೆ ಹಾರುವ ಕೋತಿಗಳಿವೆ. 2021ರ ಮಳೆಯಲ್ಲಿ ನಂದಿಯ ಕಡೆಯ ರಸ್ತೆಯೇ ಕುಸಿದಿದ್ದನ್ನು ಊರು ಮರೆತಿಲ್ಲ. ಅಂಥ ಹಾದಿಯಲ್ಲಿ ಬೆಲ್ಲಿಲ್ಲದ ಸೈಕಲ್ ಹಿಂದಿನಿಂದ ಬಂದರೆ ಗಾಳಿ ಬೀಸಿದಷ್ಟೇ ಸದ್ದು. ತಿರುಗಿ ನೋಡಲೂ ಸಮಯವಿಲ್ಲ.

ಕಾನೂನು ಕೈಕಟ್ಟಿ ಕೂತಿದೆಯೇ?

"ಸೈಕಲ್ಲಿಗೆ ಲೈಸೆನ್ಸಿಲ್ಲ, ಕೇಸೂ ಇಲ್ಲ" ಎಂಬ ಧೈರ್ಯ ಅರ್ಧ ಸತ್ಯ. 1988ರ ಮೋಟಾರು ವಾಹನ ಕಾಯ್ದೆಯ ವೇಗ ಮಿತಿ, ಕುಡಿತದ ಮಿತಿ ಎರಡೂ ಮೋಟಾರು ಗಾಡಿಗೆ ಸಂಬಂಧಿಸಿದ್ದು, ನಿಜ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಹೇಳುವುದು 'ಯಾವುದೇ ವಾಹನ' ಎಂದು. ಸಾರ್ವಜನಿಕ ರಸ್ತೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ದುಡುಕಿ ಓಡಿಸಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ 1000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಹಿಂದಿನ ದಂಡ ಸಂಹಿತೆಯ 279ನೇ ಕಲಮ್ಮೂ ಇದನ್ನೇ ಹೇಳುತ್ತಿತ್ತು.

ಹಾಗಂತ ಸೈಕಲ್ಲಿನವರನ್ನು ಬೆಟ್ಟದಿಂದ ಅಟ್ಟಬೇಕಿಲ್ಲ. ಹೊಗೆಯಿಲ್ಲ, ಪೆಟ್ರೋಲ್ ಬೇಡ, ಮೈಗೂ ಒಳ್ಳೆಯದು. ಅವರ ಪಕ್ಕದಲ್ಲೇ ಮೊರೆಯುವ ಕಾರು, ಬೈಕುಗಳೇನೂ ಸಾಧುಗಳಲ್ಲ. ಕೇಳುವುದು ಇಷ್ಟೇ: ಹತ್ತಾರು ಸಾವಿರ ಸುರಿದವರು ನೂರಿನ್ನೂರರ ಒಂದು ಬೆಲ್ ಹಾಕಿಸಲಿ. ಸೆಕೆಂಡಿನ ಲೆಕ್ಕ ಹತ್ತುವಾಗ ಇರಲಿ, ಇಳಿಯುವಾಗ ಫೋನು ಸುಮ್ಮನಿರಲಿ. ತಿರುವುಗಳಲ್ಲಿ 'ಸೈಕಲ್ ನಿಧಾನ' ಎಂಬ ಫಲಕ ಹಾಕಿಸಲು ಸಂಬಂಧಪಟ್ಟವರಿಗೆ ಎಷ್ಟು ಹೊತ್ತು ಬೇಕು? ಯಾರಾದರೂ ಬಿದ್ದ ಮೇಲೇ ಹಾಕಬೇಕೆಂಬ ನಿಯಮವಿದೆಯೇ?

ಬೆಟ್ಟ ಹತ್ತುವುದರಲ್ಲಿ ಮೊದಲು ಬಂದವನಿಗೆ ಚಪ್ಪಾಳೆ. ಇಳಿಯುವುದರಲ್ಲಿ ಮಾತ್ರ ಹಳೇ ಗಣೇಶನ ಹಬ್ಬದ ಕಾನೂನೇ ಸರಿ: ಕಡೆಗೆ ಬಂದವನೇ ಗೆದ್ದವನು. ಟಿಫನ್ ಡಬ್ಬಿ ಸಿಗದಿದ್ದರೂ ಮನೆಯ ಟಿಫನ್ನಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತಾನೆ.